ಒಡೆತನದ ಲೆಕ್ಕ, ಹಿಡಿತದ ಪ್ರಶ್ನೆ

2025ರ ಮೇ 15ರಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಕೆಲವೇ ಸಾಲುಗಳ ಒಂದು ಆದೇಶ ಹೊರಡಿಸಿತು. ಟರ್ಕಿ ಮೂಲದ ಚೆಲೆಬಿ ಸಂಸ್ಥೆಯ ಭಾರತೀಯ ಅಂಗಕ್ಕೆ 2022ರ ನವೆಂಬರ್‌ನಲ್ಲಿ ನೀಡಿದ್ದ ಭದ್ರತಾ ಅನುಮತಿಯನ್ನು ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ ತತ್‌ಕ್ಷಣವೇ ರದ್ದುಪಡಿಸಲಾಗಿದೆ ಎಂಬುದಷ್ಟೇ ಅದರ ಸಾರ. ದೆಹಲಿ, ಮುಂಬೈ, ಬೆಂಗಳೂರು ಸೇರಿದಂತೆ ದೇಶದ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಮಾನು ಏರಿಸಿ ಇಳಿಸುವ, ಸರಕು ನಿರ್ವಹಿಸುವ, ವಿಮಾನಗಳಿಗೆ ನೆಲದ ಮೇಲಿನ ಸೇವೆ ಒದಗಿಸುವ ಕೆಲಸ ಮಾಡುತ್ತಿದ್ದ ಸಂಸ್ಥೆ ಒಂದು ದಿನದೊಳಗೆ ಅನರ್ಹವಾಯಿತು.

ಆದೇಶದ ಹಿನ್ನೆಲೆ ಗುಟ್ಟಿನದೇನಲ್ಲ. ಅದೇ ತಿಂಗಳ ಆರಂಭದಲ್ಲಿ ನಡೆದ ಆಪರೇಷನ್ ಸಿಂಧೂರದ ಸಂದರ್ಭದಲ್ಲಿ ಟರ್ಕಿ ಬಹಿರಂಗವಾಗಿ ಪಾಕಿಸ್ತಾನದ ಬೆನ್ನಿಗೆ ನಿಂತಿತು. ಪಾಕಿಸ್ತಾನ ಹಾರಿಬಿಟ್ಟ ಡ್ರೋನ್‌ಗಳಲ್ಲಿ ಟರ್ಕಿಯಲ್ಲಿ ತಯಾರಾದವೂ ಇದ್ದವೆಂದು ನಮ್ಮ ಸರ್ಕಾರ ತಿಳಿಸಿತು. ವಿಮಾನದ ಸರಕು ಕೋಣೆಯವರೆಗೆ ಕೈ ಚಾಚಬಲ್ಲ ಕೆಲಸವನ್ನು ಅಂಥ ದೇಶದ ಕಂಪನಿಯ ವಶದಲ್ಲಿ ಬಿಡಬಾರದೆಂಬ ಅಳುಕು ಸಹಜವಾದುದೇ. ಕಂಪನಿಯು ದೆಹಲಿ ಹೈಕೋರ್ಟ್‌ನ ಮೊರೆಹೋಯಿತು. ಸರ್ಕಾರ ತನ್ನ ಕಾರಣಗಳನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಒಪ್ಪಿಸಿತು. ಜುಲೈ 7ರಂದು ಅರ್ಜಿ ವಜಾ ಆಯಿತು. ಆ ನಿರ್ಧಾರ ತಪ್ಪೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಅದು ಎಬ್ಬಿಸಿದ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ ಎಂಬುದೇ ನನ್ನ ಆತಂಕ.

ಅದೇ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ನಡೆಸುವ ಕಂಪನಿಯಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹ 2017ರಲ್ಲಿ ಪಾಲು ಕೊಂಡಿತು. ಹಂತ ಹಂತವಾಗಿ ಅದು ಬೆಳೆದು 2025ರಲ್ಲಿ ಶೇ 74ಕ್ಕೆ ಮುಟ್ಟಿತು. ಉಳಿದ ಶೇ 26 ಕರ್ನಾಟಕ ಸರ್ಕಾರದ ಸಂಸ್ಥೆ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಡುವೆ ಸಮನಾಗಿ ಹಂಚಿಕೆಯಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ ತಮ್ಮ ಸಂಸತ್ತಿನಲ್ಲಿ ಭಾರತದ ವಿರುದ್ಧ ಗಂಭೀರ ಆರೋಪ ಹೊರಿಸಿದರು. 2024ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ತಲಾ ಆರು ರಾಜತಾಂತ್ರಿಕರನ್ನು ಹೊರಹಾಕಿದವು. ಸಂಬಂಧ ಅಷ್ಟು ಹದಗೆಟ್ಟ ಆ ದಿನಗಳಲ್ಲೂ ದೇವನಹಳ್ಳಿಯಲ್ಲಿ ಒಂದು ವಿಮಾನವೂ ಆ ಕಾರಣಕ್ಕೆ ತಡವಾಗಲಿಲ್ಲ. ನಿಲ್ದಾಣದ ಒಡೆತನವನ್ನು ಕಸಿದುಕೊಳ್ಳಿ ಎಂದು ಯಾರೂ ಬೀದಿಗಿಳಿಯಲಿಲ್ಲ.

ಸಾಮಾನು ಹೊರುವ ಕಂಪನಿ ಅಪಾಯಕಾರಿ, ಇಡೀ ನಿಲ್ದಾಣದ ಮುಕ್ಕಾಲು ಪಾಲಿನ ಒಡೆಯ ಅಪಾಯಕಾರಿಯಲ್ಲ. ಮೇಲ್ನೋಟಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ. ಕೆನಡಾ ಮತ್ತು ಟರ್ಕಿ ಒಂದೇ ಬಗೆಯ ದೇಶಗಳಲ್ಲ ಎಂಬುದು ಇದಕ್ಕೊಂದು ಉತ್ತರ. ಅದಕ್ಕಿಂತ ಮುಖ್ಯವಾದ ಉತ್ತರ ಬೇರೆ ಇದೆ. ಬೆಂಗಳೂರು ನಿಲ್ದಾಣದ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯದು. ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ್ದು. ವಲಸೆ, ಸುಂಕ ಎರಡೂ ಕೇಂದ್ರ ಸರ್ಕಾರದವು. ನಿಲ್ದಾಣ ನಿಂತಿರುವ ಸುಮಾರು 4 ಸಾವಿರ ಎಕರೆ ನೆಲ ಗುತ್ತಿಗೆಯದು, ಮಾರಿದ್ದಲ್ಲ. ಲಾಭ ಕೆನಡಾಕ್ಕೆ ಹೋಗಬಹುದು. ಆದರೆ ಆಪತ್ಕಾಲದಲ್ಲಿ ನಿಲ್ದಾಣವನ್ನು ತೆರೆಯುವ, ಮುಚ್ಚುವ, ಕಾಯುವ ಅಧಿಕಾರ ಭಾರತದಲ್ಲೇ ಇದೆ. ಸಾಮಾನು ಸಾಗಣೆಯ ಕೆಲಸದಲ್ಲಾದರೋ ಷೇರಿನ ಲೆಕ್ಕ ಏನೇ ಇರಲಿ, ವಿಮಾನದ ಹತ್ತಿರ ನಿಲ್ಲುವ ಮನುಷ್ಯ ಮತ್ತು ಅವನ ಕೈಯಲ್ಲಿರುವ ಮಾಹಿತಿ ಕಂಪನಿಯವು.

ಮಹತ್ವದ ಮೂಲಸೌಕರ್ಯದಲ್ಲಿ ವಿದೇಶಿ ಒಡೆತನವನ್ನು ನಿರ್ಬಂಧಿಸಬೇಕೆ ಎಂಬ ಚರ್ಚೆಯನ್ನು ನಾವು ಬಹುಕಾಲದಿಂದ ಶೇಕಡಾವಾರು ಲೆಕ್ಕದಲ್ಲೇ ನಡೆಸುತ್ತ ಬಂದಿದ್ದೇವೆ. ಶೇ 26 ಸಾಕೇ, 49 ಇರಲೇ, 74 ಆಗಬಹುದೇ, ಪೂರ್ತಿ 100ಕ್ಕೆ ಬಾಗಿಲು ತೆರೆಯೋಣವೇ? ಒಂದು ಪಕ್ಷ ವಿರೋಧದಲ್ಲಿದ್ದಾಗ ಒಂದು ಸಂಖ್ಯೆ, ಅಧಿಕಾರಕ್ಕೆ ಬಂದಾಗ ಇನ್ನೊಂದು. ನನ್ನ ವಾದ ಇಷ್ಟೇ: ಕೆಲವು ಕಡೆ ವಿದೇಶಿ ಒಡೆತನವನ್ನು ಖಡಾಖಂಡಿತವಾಗಿ ತಡೆಯಲೇಬೇಕು. ಆದರೆ ಹಿಡಿತ ಯಾರದು ಎಂದು ಕೇಳದೆ ಕೇವಲ ಒಡೆತನವನ್ನು ಅಳೆಯುವ ನೀತಿ ಭದ್ರತೆಯ ಭ್ರಮೆಯನ್ನಷ್ಟೇ ಕೊಡುತ್ತದೆ. ಈ ಎರಡನ್ನೂ ಒಂದು ಕಾನೂನಿನ ಮೂಲಕ, ಮುಂಚಿತವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಬೇಕೇ ಹೊರತು ಬಿಕ್ಕಟ್ಟಿನ ಮರುದಿನದ ಆದೇಶಗಳ ಮೂಲಕವಲ್ಲ.

ಹಳೆಯ ಪ್ರಕರಣವೊಂದನ್ನು ನೋಡೋಣ. 2006ರಲ್ಲಿ ದುಬೈ ಸರ್ಕಾರದ ಒಡೆತನದ ಡಿಪಿ ವರ್ಲ್ಡ್ ಕಂಪನಿಯು ಬ್ರಿಟನ್ನಿನ ಹಳೆಯ ಪಿ ಆ್ಯಂಡ್ ಒ ಕಂಪನಿಯನ್ನು ಸುಮಾರು 680 ಕೋಟಿ ಡಾಲರ್‌ಗೆ ಕೊಂಡಿತು. ಅದರೊಡನೆ ಅಮೆರಿಕದ ಆರು ಬಂದರುಗಳಲ್ಲಿನ ಟರ್ಮಿನಲ್‌ಗಳ ನಿರ್ವಹಣೆಯೂ ಕೈಬದಲಾಗುವುದಿತ್ತು. ಅಧ್ಯಕ್ಷ ಬುಷ್ ಅವರ ಬೆಂಬಲವಿದ್ದರೂ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು 62-2 ಮತಗಳಿಂದ ಅದನ್ನು ತಡೆಯಲು ನಿರ್ಧರಿಸಿತು. ದುಬೈ ಕಂಪನಿ ಹಿಂದೆ ಸರಿದು ಆ ಟರ್ಮಿನಲ್‌ಗಳನ್ನು ಅಮೆರಿಕನ್ ಕಂಪನಿಗೆ ಮಾರಿತು. ನಮ್ಮಲ್ಲಿ ಬಹುಮಂದಿ ಗಮನಿಸದೇ ಹೋದ ಸಂಗತಿಯೆಂದರೆ, ಅದೇ ಒಪ್ಪಂದದಲ್ಲಿ ನವಿ ಮುಂಬೈ ಬಳಿಯ ನಾವಾ ಶೇವಾ, ಗುಜರಾತಿನ ಮುಂದ್ರಾ ಮತ್ತು ಚೆನ್ನೈ ಬಂದರುಗಳ ಕಂಟೇನರ್ ಟರ್ಮಿನಲ್‌ಗಳೂ ದುಬೈ ಕಂಪನಿಯ ಪಾಲಾದವು.

ಯುಎಇ ನಮ್ಮ ಮಿತ್ರ ದೇಶ. ಆ ಟರ್ಮಿನಲ್‌ಗಳಿಂದ ನಮಗೆ ತೊಂದರೆಯಾಯಿತೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಅಂದಿನ ಗಲಾಟೆಯಲ್ಲಿ ಭದ್ರತೆಗಿಂತ ರಾಜಕೀಯವೇ ಹೆಚ್ಚಾಗಿತ್ತೆಂಬ ಟೀಕೆಯನ್ನೂ ಒಪ್ಪುತ್ತೇನೆ. ಇಲ್ಲಿ ಕಲಿಯಬೇಕಾದ ಪಾಠ ಬೇರೆ. ಭಾರತದ ನೆಲದ ಮೇಲಿನ ಟರ್ಮಿನಲ್‌ನ ಒಡೆಯ ಬದಲಾದದ್ದು ಲಂಡನ್ನಿನಲ್ಲಿ ನಡೆದ ಷೇರು ಮಾರಾಟದಿಂದ. 2007ರಲ್ಲಿ ವೊಡಾಫೋನ್ ಕಂಪನಿ ಹಚಿಸನ್‌ನಿಂದ ನಮ್ಮ ದೂರವಾಣಿ ಜಾಲವೊಂದರ ನಿಯಂತ್ರಣ ಪಡೆದದ್ದೂ ಕೇಮನ್ ದ್ವೀಪದ ಕಂಪನಿಯೊಂದರ ಷೇರಿನ ಮೂಲಕವೇ. ನಮ್ಮ ಸರ್ಕಾರಕ್ಕೆ ಆಗ ತೆರಿಗೆಯ ನೆನಪಾಯಿತು, ಭದ್ರತೆಯದಲ್ಲ. ಬಾಗಿಲಲ್ಲಿ ಬಂದವರ ಗುರುತು ಕೇಳುವ ನಾವು, ಮನೆಯೊಳಗಿದ್ದವನ ಯಜಮಾನ ಹೊರಗೆಲ್ಲೋ ಬದಲಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಶೇಕಡಾವಾರು ಮಿತಿಯೊಂದರಿಂದಲೇ ರಕ್ಷಣೆ ಸಿಗದೆಂಬುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. ಸಾರ್ವಜನಿಕ ಸೇವೆಗಳಲ್ಲಿ ವಿದೇಶಿ ಪಾಲು ಶೇ 40 ಮೀರಬಾರದು ಎಂಬ ಮಿತಿಯನ್ನು ಅಲ್ಲಿನ ಸಂವಿಧಾನವೇ ವಿಧಿಸಿದೆ. 2009ರಲ್ಲಿ ದೇಶದ ವಿದ್ಯುತ್ ಪ್ರಸರಣ ಜಾಲದ ನಿರ್ವಹಣೆಯನ್ನು ವಹಿಸಿಕೊಂಡ ಖಾಸಗಿ ಕೂಟದಲ್ಲಿ ಚೀನಾ ಸರ್ಕಾರದ ಸ್ಟೇಟ್ ಗ್ರಿಡ್ ಸಂಸ್ಥೆಯ ಪಾಲು ಕರಾರುವಾಕ್ಕಾಗಿ ಶೇ 40 ಇತ್ತು. ನಿಯಮದ ಅಕ್ಷರಕ್ಕೆ ಕಿಂಚಿತ್ತೂ ಲೋಪವಿಲ್ಲ. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಅಲ್ಲಿನ ಸೆನೆಟ್‌ನಲ್ಲಿ ಎದ್ದ ಪ್ರಶ್ನೆ ಷೇರಿನದಾಗಿರಲಿಲ್ಲ. ಜಾಲವನ್ನು ನಡೆಸುವ ಯಂತ್ರೋಪಕರಣ ಮತ್ತು ತಂತ್ರಾಂಶದ ಗುಟ್ಟು ಯಾರಿಗೆ ಗೊತ್ತು, ದೂರದಿಂದಲೇ ದೇಶವನ್ನು ಕತ್ತಲಲ್ಲಿ ಮುಳುಗಿಸುವುದು ಸಾಧ್ಯವೇ ಎಂಬುದಾಗಿತ್ತು. ಶೇ 60 ಪಾಲು ಸ್ವದೇಶಿಯರ ಬಳಿ ಇದ್ದೂ ಆ ಪ್ರಶ್ನೆ ಕೇಳಬೇಕಾಗಿ ಬಂತು.

ಜರ್ಮನಿಯ ಕಥೆ ಇನ್ನೂ ಕಟುವಾದುದು. ಉತ್ತರ ಜರ್ಮನಿಯ ರೇಡನ್ ಎಂಬಲ್ಲಿ ನೆಲದಡಿಯ ಬೃಹತ್ ಅನಿಲ ಸಂಗ್ರಹಾಗಾರವಿದೆ. ದೇಶದ ಅನಿಲ ಸಂಗ್ರಹ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗ ಅದರದು. ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡದ್ದು 2014ರಲ್ಲಿ. ಅದರ ಮರುವರ್ಷವೇ ಜರ್ಮನ್ ಕಂಪನಿಯೊಂದು ಆಸ್ತಿ ವಿನಿಮಯದ ಒಪ್ಪಂದದಲ್ಲಿ ಈ ಸಂಗ್ರಹಾಗಾರವನ್ನು ರಷ್ಯಾದ ಗಾಜ್‌ಪ್ರೋಮ್‌ಗೆ ಪೂರ್ತಿಯಾಗಿ ಬಿಟ್ಟುಕೊಟ್ಟಿತು. ಜರ್ಮನ್ ಸರ್ಕಾರ ಅಡ್ಡಿಪಡಿಸಲಿಲ್ಲ. ಅದು ವಾಣಿಜ್ಯ ವ್ಯವಹಾರವೆಂದೇ ಎಲ್ಲರೂ ಭಾವಿಸಿದರು. 2021ರ ಚಳಿಗಾಲದ ಹೊಸ್ತಿಲಲ್ಲಿ ನೋಡಿದರೆ ಸಂಗ್ರಹಾಗಾರ ಬಹುತೇಕ ಬರಿದಾಗಿತ್ತು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ದಾಳಿ ನಡೆಯಿತು. ಗಾಜ್‌ಪ್ರೋಮ್ ಅಲ್ಲಿ ಏನನ್ನೂ ಧ್ವಂಸ ಮಾಡಲಿಲ್ಲ, ಯಾರ ಗುಟ್ಟನ್ನೂ ಕದಿಯಲಿಲ್ಲ. ತನ್ನ ಉಗ್ರಾಣವನ್ನು ತುಂಬಿಸದೇ ಇತ್ತು, ಅಷ್ಟೇ. ಒಡೆಯನಿಗೆ ಆ ಹಕ್ಕಿತ್ತು. ಏಪ್ರಿಲ್‌ನಲ್ಲಿ ಜರ್ಮನಿಯು ಆ ಕಂಪನಿಯ ಜರ್ಮನ್ ಶಾಖೆಯನ್ನು ಸರ್ಕಾರಿ ಸಂಸ್ಥೆಯೊಂದರ ನ್ಯಾಸಕ್ಕೆ ಒಪ್ಪಿಸಿತು, ನವೆಂಬರ್‌ನಲ್ಲಿ ರಾಷ್ಟ್ರೀಕರಿಸಿತು. ಮುಕ್ತ ಮಾರುಕಟ್ಟೆಯ ಪ್ರತಿಪಾದಕ ದೇಶವೊಂದು ಇಷ್ಟು ದೂರ ಬರಬೇಕಾದದ್ದು ಮೊದಲೇ ಕೇಳಬೇಕಾದ ಪ್ರಶ್ನೆಯನ್ನು ಕೇಳದೇ ಹೋದದ್ದರಿಂದ.

ಇನ್ನು ನಮ್ಮ ಮನೆಯ ವಿಷಯ. ಗುಜರಾತಿನ ವಾಡಿನಾರ್‌ನಲ್ಲಿ ವಾರ್ಷಿಕ 2 ಕೋಟಿ ಟನ್ ಸಾಮರ್ಥ್ಯದ ತೈಲ ಸಂಸ್ಕರಣಾಗಾರವಿದೆ. ದೇಶದ ಒಟ್ಟು ಸಂಸ್ಕರಣಾ ಸಾಮರ್ಥ್ಯದ ಸುಮಾರು ಶೇ 8ರಷ್ಟು ಅದರದು. 2017ರಲ್ಲಿ ಎಸ್ಸಾರ್ ಸಮೂಹ ಅದನ್ನು ಸುಮಾರು 1,290 ಕೋಟಿ ಡಾಲರ್‌ಗೆ ಮಾರಿದಾಗ ರಷ್ಯಾ ಸರ್ಕಾರದ ಹಿಡಿತದಲ್ಲಿರುವ ರೋಸ್ನೆಫ್ಟ್ ಶೇ 49.13ರ ಪಾಲು ಪಡೆಯಿತು. ಅಂದು ಅದನ್ನು ವಿದೇಶಿ ಹೂಡಿಕೆಯ ದೊಡ್ಡ ಗೆಲುವೆಂದು ಕೊಂಡಾಡಲಾಯಿತು. ಇಂದು ಆ ಕಂಪನಿಯ ಹೆಸರು ನಯಾರಾ ಎನರ್ಜಿ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ರಷ್ಯಾದ ಮೇಲಿನ ಹೊಸ ನಿರ್ಬಂಧಗಳಲ್ಲಿ ನಯಾರಾವನ್ನೂ ಸೇರಿಸಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅಮೆರಿಕದ ಮೈಕ್ರೊಸಾಫ್ಟ್ ಆ ಕಂಪನಿಗೆ ತನ್ನ ಸೇವೆ ನಿಲ್ಲಿಸಿತು; ನೌಕರರ ಇ-ಮೇಲ್ ಕೂಡ ಸ್ಥಗಿತವಾಯಿತು. ಹಣ ಕೊಟ್ಟು ಪಡೆದ ಸೇವೆಗಾಗಿ, ತನ್ನದೇ ಮಾಹಿತಿಗಾಗಿ, ನಯಾರಾ ದೆಹಲಿ ಹೈಕೋರ್ಟ್‌ಗೆ ಹೋಗಬೇಕಾಯಿತು. ಜುಲೈ ಅಂತ್ಯದ ವೇಳೆಗೆ ಸೇವೆ ಮರಳಿತು.

ಈ ಒಂದು ಪ್ರಕರಣದಲ್ಲಿ ಎರಡು ಪಾಠಗಳಿವೆ. ವಿದೇಶಿ ಒಡೆಯನ ಜೊತೆಗೆ ಅವನ ಜಗಳಗಳೂ ನಮ್ಮ ಮನೆಗೆ ಬರುತ್ತವೆ ಎಂಬುದು ಮೊದಲನೆಯದು. ರಷ್ಯಾ ನಮ್ಮ ಹಳೆಯ ಮಿತ್ರ. ಆದರೂ ರಷ್ಯಾದ ಪಾಲು ಇದ್ದದ್ದರಿಂದಲೇ ಭಾರತದ ಸಂಸ್ಕರಣಾಗಾರವೊಂದು ಯುರೋಪಿನ ಶಿಕ್ಷೆಗೆ ಗುರಿಯಾಯಿತು. ಎರಡನೆಯದು ಹೆಚ್ಚು ಕಳವಳಕಾರಿ. ನಯಾರಾದ ಗುಂಡಿ ಒತ್ತಿ ನಿಲ್ಲಿಸಿದ್ದು ಅದರಲ್ಲಿ ಒಂದು ಷೇರೂ ಇಲ್ಲದ ಕಂಪನಿ. ವಿದೇಶಿ ಒಡೆತನದ ಮಿತಿಯನ್ನು ಶೂನ್ಯಕ್ಕಿಳಿಸಿದ್ದರೂ ಆ ಗುಂಡಿ ಅವರ ಕೈಯಲ್ಲೇ ಇರುತ್ತಿತ್ತು.

ಈ ತಿಳಿವಳಿಕೆ ನಮ್ಮ ಸರ್ಕಾರಕ್ಕೆ ಇಲ್ಲವೆಂದಲ್ಲ. ದೂರಸಂಪರ್ಕ ಕ್ಷೇತ್ರದಲ್ಲಿ ಅದು ನಿಧಾನವಾಗಿ ಸರಿದಾರಿಗೆ ಬಂದಿದೆ. 2005ರಲ್ಲಿ ವಿದೇಶಿ ಹೂಡಿಕೆಯ ಮಿತಿಯನ್ನು ಶೇ 49ರಿಂದ 74ಕ್ಕೆ ಏರಿಸಿದಾಗ ನಿರ್ದೇಶಕ ಮಂಡಳಿಯಲ್ಲಿ ಭಾರತೀಯರ ಬಹುಮತ ಮುಂತಾದ ಭದ್ರತಾ ಷರತ್ತುಗಳನ್ನು ಜೋಡಿಸಲಾಯಿತು. 2013ರಲ್ಲಿ ಮಿತಿಯನ್ನು ಶೇ 100ಕ್ಕೆ ಏರಿಸಲಾಯಿತು. ಒಡೆತನದ ಬಾಗಿಲು ಹೀಗೆ ತೆರೆಯುತ್ತ ಹೋದಂತೆ ಹಿಡಿತದ ಬಾಗಿಲನ್ನು ಬಿಗಿ ಮಾಡಲಾಯಿತು: 2020ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2021ರ ಜೂನ್ 15ರಿಂದ ಜಾರಿಗೆ ಬಂದ ನಿರ್ದೇಶನದಂತೆ, ದೂರಸಂಪರ್ಕ ಕಂಪನಿಗಳು ತಮ್ಮ ಜಾಲಕ್ಕೆ ಹೊಸ ಉಪಕರಣಗಳನ್ನು ವಿಶ್ವಾಸಾರ್ಹ ಮೂಲಗಳಿಂದಲೇ ಕೊಳ್ಳಬೇಕು. ಕಂಪನಿ ಯಾರದು ಎಂಬುದರ ಜೊತೆಗೆ ಯಂತ್ರ ಯಾರದು ಎಂದು ಕೇಳುವ ಪರಿಪಾಠ ಇದು.

ಇನ್ನೂ ಒಳ್ಳೆಯ ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ನಿರ್ಮಿಸಿದ ಕಚ್ಚಾ ತೈಲದ ಕಾರ್ಯತಂತ್ರದ ಸಂಗ್ರಹಾಗಾರಗಳಿವೆ; ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್ ಸಾಮರ್ಥ್ಯದ್ದು. ಯುದ್ಧವೋ ಪೂರೈಕೆಯ ಕೊರತೆಯೋ ಬಂದಾಗ ದೇಶದ ಕೈಹಿಡಿಯಬೇಕಾದ ದಾಸ್ತಾನು ಅದು. ಇದಕ್ಕಿಂತ ಸೂಕ್ಷ್ಮವಾದ ಸೌಕರ್ಯ ಇನ್ನಾವುದಿದೆ? ಆದರೂ 2018ರಲ್ಲಿ ಮಂಗಳೂರಿನ ಗುಹೆಯ ಒಂದು ಭಾಗವನ್ನು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಗೆ ಅದರದೇ ತೈಲ ಇರಿಸಲು ಕೊಡಲಾಯಿತು. ಗುಹೆ ನಮ್ಮದು, ನಿರ್ವಹಣೆ ನಮ್ಮ ಸರ್ಕಾರಿ ಕಂಪನಿಯದು, ತೈಲ ಅವರದು, ತುರ್ತು ಕಾಲದಲ್ಲಿ ಆ ತೈಲದ ಮೇಲಿನ ಮೊದಲ ಹಕ್ಕು ನಮ್ಮದು. ದಾಸ್ತಾನು ತುಂಬಿಸುವ ಖರ್ಚಿನ ಭಾರವನ್ನು ಬೇರೆಯವರು ಹೊತ್ತರು, ಹಿಡಿತ ಇಲ್ಲೇ ಉಳಿಯಿತು. ರೇಡನ್‌ನಲ್ಲಿ ಇಲ್ಲದಿದ್ದದ್ದು ಮಂಗಳೂರಿನಲ್ಲಿದ್ದ ಈ ಒಂದು ಷರತ್ತು.

ಹಾಗಾದರೆ ಷರತ್ತು ಬರೆದುಕೊಂಡು ಯಾರಿಗೆ ಬೇಕಾದರೂ ಒಡೆತನ ಕೊಡಬಹುದೇ? ಕೊಡಲಾಗದು. ಶ್ರೀಲಂಕಾ 2017ರಲ್ಲಿ ಹಂಬಂಟೋಟ ಬಂದರನ್ನು ಚೀನಾ ಸರ್ಕಾರಿ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟಾಗ ಅದರ ಭದ್ರತೆ ತನ್ನದೇ ನೌಕಾಪಡೆಯ ಹೊಣೆಯೆಂದು ಭರವಸೆ ನೀಡಿತ್ತು. 2022ರ ಆಗಸ್ಟ್‌ನಲ್ಲಿ ಚೀನಾದ ಯುವಾನ್ ವಾಂಗ್ 5 ಹಡಗು ಬರಹೊರಟಾಗ ಭಾರತ ಆಕ್ಷೇಪಿಸಿತು. ಶ್ರೀಲಂಕಾ ಮೊದಲು ಬರುವಿಕೆಯನ್ನು ಮುಂದೂಡಲು ಕೇಳಿಕೊಂಡಿತು, ಕೆಲವೇ ದಿನಗಳಲ್ಲಿ ಒಪ್ಪಿಗೆ ನೀಡಿತು. ಸಾಲದ ಸುಳಿಯಲ್ಲಿ ಸಿಕ್ಕ ದೇಶಕ್ಕೆ ಕಾಗದದ ಮೇಲಿನ ಹಕ್ಕನ್ನು ಚಲಾಯಿಸುವ ಕಸುವು ಇರಲಿಲ್ಲ. ಎದುರಾಳಿ ದೇಶದ ಸರ್ಕಾರವೇ ಹೂಡಿಕೆದಾರನ ಬೆನ್ನಿಗಿದ್ದಾಗ ಷರತ್ತುಗಳು ದುರ್ಬಲ ಬೇಲಿ. ಅಂಥಲ್ಲಿ ಒಡೆತನವನ್ನೇ ನಿರಾಕರಿಸುವುದು ವಿವೇಕ. ನಿಷೇಧದ ವ್ಯಾಪ್ತಿ ಕಿರಿದಾಗಿರಬೇಕು, ಸ್ಪಷ್ಟವಾಗಿರಬೇಕು, ಗಟ್ಟಿಯಾಗಿರಬೇಕು.

ಕಾನೂನಿನ ಪ್ರಶ್ನೆ ಬರುವುದು ಇಲ್ಲಿಯೇ. ಅಮೆರಿಕದಲ್ಲಿ ವಿದೇಶಿ ಖರೀದಿಗಳನ್ನು ಭದ್ರತೆಯ ದೃಷ್ಟಿಯಿಂದ ಪರಿಶೀಲಿಸುವ ಸಮಿತಿಗೆ ಶಾಸನದ ಬಲವಿದೆ; ಡಿಪಿ ವರ್ಲ್ಡ್ ಪ್ರಕರಣದ ಬಳಿಕ 2007ರಲ್ಲಿ, ಮತ್ತೆ 2018ರಲ್ಲಿ ಆ ಕಾನೂನನ್ನು ಬಿಗಿಗೊಳಿಸಲಾಯಿತು. ಬ್ರಿಟನ್ 2021ರಲ್ಲಿ ರಾಷ್ಟ್ರೀಯ ಭದ್ರತೆ ಮತ್ತು ಹೂಡಿಕೆ ಕಾಯ್ದೆ ಮಾಡಿ, 17 ಸೂಕ್ಷ್ಮ ಕ್ಷೇತ್ರಗಳನ್ನು ಹೆಸರಿಸಿ, ಅವುಗಳಲ್ಲಿ ನಿಗದಿತ ಮಟ್ಟ ಮೀರಿದ ಖರೀದಿಗೆ ಮುಂಚಿತ ಸೂಚನೆಯನ್ನು ಕಡ್ಡಾಯ ಮಾಡಿತು. ಸರ್ಕಾರ ಪ್ರತಿವರ್ಷ ಅದರ ವರದಿಯನ್ನು ಪ್ರಕಟಿಸಬೇಕು. ಭಾರತದಲ್ಲಿ ಸಂಸತ್ತು ಅಂಗೀಕರಿಸಿದ ಇಂಥ ಪ್ರತ್ಯೇಕ ಕಾನೂನಿಲ್ಲ. ವಿದೇಶಿ ವಿನಿಮಯದ ನಿಯಮಗಳು, ಕ್ಷೇತ್ರವಾರು ಮಿತಿಗಳು, ಗೃಹ ಸಚಿವಾಲಯದ ಭದ್ರತಾ ಅನುಮತಿ, ಆಗಾಗ ಹೊರಡುವ ಪತ್ರಿಕಾ ಟಿಪ್ಪಣಿಗಳು, ಇವುಗಳ ಕಂತೆಯೇ ನಮ್ಮ ನೀತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯು ಮಹತ್ವದ ಮಾಹಿತಿ ಮೂಲಸೌಕರ್ಯವನ್ನು ಗುರುತಿಸುತ್ತದೆ, ನಿಜ. ಅದರ ದೃಷ್ಟಿ ಕಂಪ್ಯೂಟರ್ ವ್ಯವಸ್ಥೆಗಳ ರಕ್ಷಣೆಯ ಮೇಲೆ; ಮಾಲೀಕತ್ವದ ವಿಚಾರಕ್ಕೆ ಅದು ಹೋಗುವುದಿಲ್ಲ.

ಈ ಕಂತೆಯ ಸ್ವಭಾವ ಎಂಥದೆಂಬುದನ್ನು 2020ರ ಏಪ್ರಿಲ್‌ನಲ್ಲಿ ಕಂಡೆವು. ಚೀನಾದ ಕೇಂದ್ರ ಬ್ಯಾಂಕ್ ನಮ್ಮ ಎಚ್‌ಡಿಎಫ್‌ಸಿಯಲ್ಲಿ ಹೊಂದಿದ್ದ ಪಾಲು ಶೇ 1ನ್ನು ದಾಟಿದೆಯೆಂಬ ಸುದ್ದಿ ಬಂದ ಕೆಲವೇ ದಿನಗಳಲ್ಲಿ, ನೆಲಗಡಿ ಹಂಚಿಕೊಂಡ ದೇಶಗಳ ಎಲ್ಲ ನೇರ ಹೂಡಿಕೆಗೂ ಸರ್ಕಾರದ ಅನುಮತಿ ಕಡ್ಡಾಯವೆಂಬ ಟಿಪ್ಪಣಿ ಹೊರಬಿತ್ತು. ವಿದ್ಯುತ್ ಜಾಲಕ್ಕೂ ಆಟಿಕೆ ಕಾರ್ಖಾನೆಗೂ ಅದರಲ್ಲಿ ವ್ಯತ್ಯಾಸವಿರಲಿಲ್ಲ. ಹಣದ ನಿಜವಾದ ಒಡೆಯನನ್ನು ಗುರುತಿಸಬೇಕೆಂದ ಆ ಟಿಪ್ಪಣಿ, ಒಡೆಯನೆಂದರೆ ಯಾರು ಎಂದು ವ್ಯಾಖ್ಯಾನಿಸಲಿಲ್ಲ. 2024ರ ಜುಲೈನಲ್ಲಿ ಸರ್ಕಾರದ್ದೇ ಆರ್ಥಿಕ ಸಮೀಕ್ಷೆ ಚೀನಾದ ಹೂಡಿಕೆಯನ್ನು ಆಕರ್ಷಿಸುವುದು ಒಳ್ಳೆಯದೆಂದು ವಾದಿಸಿತು. ಎಲ್ಲವನ್ನೂ ತಡೆಯುವ ನಿಯಮಕ್ಕೆ ಕೊನೆಗೆ ಎಲ್ಲ ಕಡೆಯಿಂದಲೂ ಸಡಿಲಿಕೆಯ ಒತ್ತಡ ಬರುತ್ತದೆ. ಆಗ ಬಿಗಿಯಾಗಿರಬೇಕಾದ ಕಡೆಯೂ ಸಡಿಲಾಗುವ ಅಪಾಯವಿದೆ.

ಕಾರಣ ಹೇಳದ ಅಧಿಕಾರಕ್ಕೆ ಇನ್ನೊಂದು ದೋಷವಿದೆ. ಅದು ವಿದೇಶಿಯರನ್ನಷ್ಟೇ ತಟ್ಟುವುದಿಲ್ಲ. ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಮುಂಚಿತವಾಗಿ ನೋಟಿಸ್ ಕೊಡಬೇಕಾದ ಕಡ್ಡಾಯವಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ವಿಮಾನ ನಿಲ್ದಾಣದ ನೆಲಸೇವೆಯ ಪ್ರಕರಣದಲ್ಲೇ. ಅಲ್ಲಿ ಭದ್ರತಾ ಅನುಮತಿ ಕಳೆದುಕೊಂಡದ್ದು ಮಾಜಿ ಸೈನಿಕರ ಹೆಸರಿನ ಭಾರತೀಯ ಸಂಸ್ಥೆ. 2023ರ ಏಪ್ರಿಲ್‌ನಲ್ಲಿ ಕೇರಳದ ಸುದ್ದಿವಾಹಿನಿಯೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆಧಾರವಿಲ್ಲದೆ ಭದ್ರತೆಯ ಹೆಸರೆತ್ತಲಾಗದು ಎಂದಿತು. ಮುಚ್ಚಿದ ಲಕೋಟೆಯ ಪದ್ಧತಿಯನ್ನು ಟೀಕಿಸಿ, ಗೋಪ್ಯತೆ ಕಾಯುತ್ತಲೇ ನ್ಯಾಯ ಒದಗಿಸುವ ಬೇರೆ ಮಾರ್ಗವನ್ನು ಸೂಚಿಸಿತು. ಈ ಎರಡು ತೀರ್ಪುಗಳ ನಡುವೆ ಗೆರೆ ಎಳೆಯಬೇಕಾದದ್ದು ಸಂಸತ್ತು. ಅದು ಸುಮ್ಮನಿದೆ.

ಇದು ನಮ್ಮ ಮನೆಗಷ್ಟೇ ಸಂಬಂಧಿಸಿದ ನೀತಿಯ ಮಾತೂ ಅಲ್ಲ. ಬೇರೆ ದೇಶಗಳ ಮೂಲಸೌಕರ್ಯದಲ್ಲಿ ಈಗ ನಾವೂ ವಿದೇಶಿ ಒಡೆಯರು. ಬೆಂಗಳೂರಿನಲ್ಲಿ ನೆಲೆ ಹೊಂದಿದ್ದ ಜಿಎಂಆರ್ ಸಮೂಹ ಮಲೇಷ್ಯಾದ ಕಂಪನಿಯೊಡನೆ ಸೇರಿ 2010ರಲ್ಲಿ ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣದ ಗುತ್ತಿಗೆ ಪಡೆದಿತ್ತು. 2012ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಅದನ್ನು ಏಕಾಏಕಿ ರದ್ದುಮಾಡಿತು. ನಮ್ಮ ವಿದೇಶಾಂಗ ಸಚಿವಾಲಯ ಅಸಮಾಧಾನ ವ್ಯಕ್ತಪಡಿಸಿತು. ನಿಲ್ದಾಣವನ್ನು ವಾಪಸು ಪಡೆಯುವ ಹಕ್ಕು ಸಾರ್ವಭೌಮ ಸರ್ಕಾರಕ್ಕಿದೆ ಎಂದು ಸಿಂಗಪುರದ ನ್ಯಾಯಾಲಯ ಹೇಳಿತು. ಆದರೆ 2016ರಲ್ಲಿ ಮಾಲ್ಡೀವ್ಸ್ ಸುಮಾರು 27 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು. ಹಕ್ಕು ಇದೆ, ಅದಕ್ಕೆ ಬೆಲೆಯೂ ಇದೆ. ನಮ್ಮ ಕಂಪನಿಗಳಿಗೆ ಹೊರಗೆ ಯಾವ ನ್ಯಾಯವನ್ನು ಬಯಸುತ್ತೇವೆಯೋ ಅದನ್ನು ಇಲ್ಲಿ ಕೊಡಲು ಸಿದ್ಧರಿರಬೇಕು.

ಇಂಥ ಕಾನೂನು ಹೂಡಿಕೆದಾರರನ್ನು ಓಡಿಸುತ್ತದೆ ಎನ್ನುವವರಿದ್ದಾರೆ. ಕಟ್ಟುನಿಟ್ಟಿನ ಪರಿಶೀಲನೆ ಇರುವ ಅಮೆರಿಕವೇ ಜಗತ್ತಿನಲ್ಲಿ ಅತಿ ಹೆಚ್ಚು ವಿದೇಶಿ ಹೂಡಿಕೆ ಪಡೆಯುವ ದೇಶ ಎಂಬುದನ್ನು ಅವರು ಗಮನಿಸಬೇಕು. ಬಂಡವಾಳ ಅಂಜುವುದು ತಿಳಿದ ನಿಯಮಕ್ಕಲ್ಲ, ತಿಳಿಯದ ನಿಯಮಕ್ಕೆ. ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಅಪಾಯವನ್ನೂ ಹೇಳಬೇಕು. ವಿದೇಶಿಯನನ್ನು ಹೊರಗಿಟ್ಟ ಜಾಗ ತಾನಾಗಿ ಜನತೆಯ ಕೈಗೆ ಬರುವುದಿಲ್ಲ. ಅದು ಒಂದೆರಡು ಬಲಾಢ್ಯ ಸ್ವದೇಶಿ ಸಮೂಹಗಳ ಪಾಲಾದರೆ, ದೇಶಪ್ರೇಮದ ಹೆಸರಿನಲ್ಲಿ ಏಕಸ್ವಾಮ್ಯವನ್ನು ಸಾಕಿದಂತಾಗುತ್ತದೆ. ಹಲವು ಬಂದರುಗಳು, ವಿಮಾನ ನಿಲ್ದಾಣಗಳು, ವಿದ್ಯುತ್ ಸ್ಥಾವರಗಳು ಒಂದೇ ಕೈಯಲ್ಲಿ ಸೇರುವುದು ಕೂಡ ಭದ್ರತೆಯ ಪ್ರಶ್ನೆಯೇ. ಸ್ವದೇಶಿ ಕಂಪನಿಯ ನಿಯಂತ್ರಣ ಕೋಣೆಯಲ್ಲಿ ವಿದೇಶಿ ತಂತ್ರಾಂಶ ಓಡುತ್ತಿರುವಾಗ ಮಾಲೀಕನ ಪಾಸ್‌ಪೋರ್ಟ್ ನೋಡಿ ಸಮಾಧಾನಪಡುವುದು ಸಾಧ್ಯವಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲಿಗೆ, ಯಾವುದು ಮಹತ್ವದ ಮೂಲಸೌಕರ್ಯ ಎಂಬ ಪಟ್ಟಿಯನ್ನು ಕಾನೂನೇ ಕೊಡಬೇಕು: ವಿದ್ಯುತ್ ಪ್ರಸರಣ ಮತ್ತು ಅದರ ನಿಯಂತ್ರಣ ಕೇಂದ್ರಗಳು, ಬಂದರು, ವಿಮಾನ ನಿಲ್ದಾಣ, ದೂರಸಂಪರ್ಕದ ಕೇಂದ್ರ ಜಾಲ, ಸಮುದ್ರದಡಿಯ ಕೇಬಲ್ ದಡ ಸೇರುವ ನೆಲೆಗಳು, ತೈಲ ಮತ್ತು ಅನಿಲದ ದಾಸ್ತಾನು, ಹಣ ಪಾವತಿ ವ್ಯವಸ್ಥೆ. ಪಟ್ಟಿ ಚಿಕ್ಕದಾಗಿರಲಿ, ಎಲ್ಲವೂ ಮಹತ್ವದ್ದಾದರೆ ಯಾವುದೂ ಮಹತ್ವದ್ದಲ್ಲ. ಎರಡನೆಯದಾಗಿ, ಕೊನೆಯ ಒಡೆಯ ಯಾರೆಂಬುದು ಬಹಿರಂಗವಾಗಬೇಕು. ಹೊರದೇಶದಲ್ಲಿ ಷೇರು ಕೈಬದಲಾದರೂ ಇಲ್ಲಿ ಹೊಸದಾಗಿ ಅನುಮತಿ ಪಡೆಯಬೇಕು. ಪ್ರತಿಕೂಲ ದೇಶಗಳ ಸರ್ಕಾರಿ ಬಂಡವಾಳಕ್ಕೆ ಈ ಪಟ್ಟಿಯಲ್ಲಿ ಪ್ರವೇಶವಿರಬಾರದು.

ಮೂರನೆಯದಾಗಿ, ಮಾಲೀಕ ಯಾವ ದೇಶದವನೇ ಇರಲಿ, ನಿಯಂತ್ರಣ ಕೋಣೆ, ಮಾಹಿತಿ ಸಂಗ್ರಹ, ದೂರದಿಂದ ನಡೆಸುವ ದುರಸ್ತಿಗೆ ಬೇಕಾದ ಪ್ರವೇಶ ಇವೆಲ್ಲ ಭಾರತದ ಕಾನೂನಿನ ವ್ಯಾಪ್ತಿಯಲ್ಲೇ ಉಳಿಯಬೇಕು. ಹೊರಗಿನ ಸೇವೆ ಒಂದು ದಿನ ನಿಂತುಹೋದರೆ ಕೆಲಸ ಮುಂದುವರಿಸುವ ಪರ್ಯಾಯ ವ್ಯವಸ್ಥೆ ಇಟ್ಟುಕೊಳ್ಳುವುದು ಪರವಾನಗಿಯ ಷರತ್ತಾಗಬೇಕು. ನಾಲ್ಕನೆಯದಾಗಿ, ತುರ್ತು ಸಂದರ್ಭದಲ್ಲಿ ಸೌಕರ್ಯವನ್ನು ತಾತ್ಕಾಲಿಕವಾಗಿ ನ್ಯಾಸಕ್ಕೆ ತೆಗೆದುಕೊಳ್ಳುವ ಅಧಿಕಾರ, ಅದರ ಅವಧಿ, ನೌಕರರ ರಕ್ಷಣೆ ಮತ್ತು ಪರಿಹಾರದ ಕ್ರಮ ಮೊದಲೇ ಬರೆದಿರಬೇಕು. ತನ್ನಲ್ಲಿ ಸುಮಾರು 10 ಸಾವಿರ ಮಂದಿ ದುಡಿಯುತ್ತಿದ್ದಾರೆಂದು ಚೆಲೆಬಿ ಹೇಳಿಕೊಂಡಿತ್ತು. ಅಷ್ಟು ಜನರ ಅನ್ನದ ಪ್ರಶ್ನೆ ರದ್ದತಿ ಆದೇಶದ ಮರುದಿನದ ಚಿಂತೆಯಾಗಬಾರದು. ಕೊನೆಯದಾಗಿ, ನಿರ್ಧಾರವನ್ನು ಗೋಪ್ಯ ದಾಖಲೆ ನೋಡುವ ಅರ್ಹತೆಯುಳ್ಳ ನ್ಯಾಯಿಕ ಸಮಿತಿಯೊಂದು ಪರಿಶೀಲಿಸಬೇಕು, ಸರ್ಕಾರ ಪ್ರತಿವರ್ಷ ಸಂಸತ್ತಿಗೆ ಲೆಕ್ಕ ಕೊಡಬೇಕು.

ಇದರಲ್ಲಿ ಯಾವುದೂ ಅಸಾಧ್ಯವಾದುದಲ್ಲ. ತುಣುಕು ತುಣುಕಾಗಿ ನಾವೇ ಮಾಡಿ ನೋಡಿದ್ದೇವೆ: ದೇವನಹಳ್ಳಿಯ ಕಾವಲಿನಲ್ಲಿ, ಮಂಗಳೂರಿನ ಬಂಡೆಯ ಕೆಳಗಿನ ಕರಾರಿನಲ್ಲಿ, ದೂರಸಂಪರ್ಕದ ಉಪಕರಣಗಳ ನಿಯಮದಲ್ಲಿ. ಅವನ್ನು ಒಂದೆಡೆ ಸೇರಿಸಿ ಶಾಸನವಾಗಿಸುವ ಕೆಲಸ ಬಾಕಿ ಇದೆ. ಇಂದಿನ ಮಿತ್ರ ನಾಳೆಯೂ ಮಿತ್ರನಾಗಿರುವ ಖಾತರಿಯನ್ನು ಯಾವ ವಿದೇಶಾಂಗ ಸಚಿವರೂ ಕೊಡಲಾರರು. ಮೂವತ್ತು, ಅರವತ್ತು ವರ್ಷಗಳ ಗುತ್ತಿಗೆಗಳಿಗೆ ಇಂದು ಸಹಿ ಹಾಕುವ ಸರ್ಕಾರಗಳು ಆ ಖಾತರಿ ಇಲ್ಲವೆಂದು ತಿಳಿದೇ ಸಹಿ ಹಾಕಬೇಕು. ಆ ಸಹಿಯ ಮೇಲಿನ ಸಾಲುಗಳಲ್ಲಿ ಏನು ಬರೆದಿರಬೇಕೆಂದು ನಿರ್ಧರಿಸುವ ಹೊಣೆಯನ್ನು ಸಂಸತ್ತು ಇನ್ನಾದರೂ ಹೊರಬೇಕು.